ಮನೆ ವೈನ್ ಕೆಟ್ಟರೆ ಮೊದಲು ಪಾತ್ರೆ ನೋಡಿ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಮನೆಯಲ್ಲಿ ನಾಲ್ಕೈದು ಲೀಟರ್ ವೈನ್ ಹಾಕುವವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಗುಳ್ಳೆ ನಿಂತಿತು, ಹುಳಿಯಾಯಿತು, ಮೇಲೆ ಬಿಳಿ ಪೊರೆ ಕಟ್ಟಿತು, ಏನೋ ವಾಸನೆ. ಕೂಡಲೇ ಇನ್ನೊಂದು ಚಮಚ ಈಸ್ಟ್ ಸುರಿಯುತ್ತಾರೆ, ಇಲ್ಲವೇ ಸಕ್ಕರೆ ಹೆಚ್ಚಿಸುತ್ತಾರೆ. ನನ್ನ ಪ್ರಕಾರ ಇವುಗಳಲ್ಲಿ ಬಹುಪಾಲು ತಪ್ಪು ಈಸ್ಟಿನದಲ್ಲ, ಪಾತ್ರೆಯದು. ಪಾತ್ರೆ ದೊಡ್ಡದಾಗಿರುತ್ತದೆ, ಮುಚ್ಚಳ ಸಡಿಲವಿರುತ್ತದೆ ಅಥವಾ ಅಗತ್ಯಕ್ಕಿಂತ ಬಿಗಿಯಿರುತ್ತದೆ, ಇಲ್ಲವೇ ಆ ವಸ್ತುವೇ ಹುಳಿ ರಸಕ್ಕೆ ಆಗಿಬರುವಂಥದ್ದಲ್ಲ. ಏನನ್ನಾದರೂ ಸುರಿಯುವ ಮೊದಲು ಪಾತ್ರೆಯನ್ನು ಒಮ್ಮೆ ಸುತ್ತಲೂ ನೋಡಿ. ಅದಕ್ಕೆ ಕಾಸು ಖರ್ಚಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ವೈನ್ ಕೂಡ ಕಾನೂನಿನ ಕಣ್ಣಿಗೆ ಮದ್ಯವೇ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಪಾತ್ರೆ ಕೊಳ್ಳುವುದಕ್ಕೂ ಮುಂಚೆ ಜಿಲ್ಲೆಯ ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮಾರುವ ಮಾತಂತೂ ಬೇಡವೇ ಬೇಡ. ಭಟ್ಟಿ ಇಳಿಸುವುದು ಕಾನೂನಿಗೂ ಜೀವಕ್ಕೂ ಅಪಾಯ, ಅದು ಈ ಬರಹದ ವಿಷಯವಲ್ಲ.

ಒಂದೇ ಪಾತ್ರೆ ಸಾಲದು

ವೈನಿಗೆ ಎರಡು ಹಂತ. ಮೊದಲ ಐದಾರು ದಿನ ಹಣ್ಣಿನ ಹಿಪ್ಪೆ ಸಮೇತ ರಸ ಜೋರಾಗಿ ನೊರೆಯೇಳುತ್ತದೆ. ಆಗ ಬಾಯಿ ಅಗಲವಿರುವ, ಕಾಲುಭಾಗಕ್ಕೂ ಹೆಚ್ಚು ಖಾಲಿ ಇರುವ ಪಾತ್ರೆ ಬೇಕು. ಹಿಪ್ಪೆ ಹಿಂಡಿ ತೆಗೆದ ಮೇಲೆ ಹುದುಗು ನಿಧಾನವಾಗುತ್ತದೆ. ಆಗ ಕುತ್ತಿಗೆ ಕಿರಿದಾದ, ಕುತ್ತಿಗೆಯವರೆಗೂ ತುಂಬಿದ ಪಾತ್ರೆ ಬೇಕು. ಮೊದಲ ಹಂತದಲ್ಲಿ ಜಾಗ ಬೇಕು, ಎರಡನೆಯದರಲ್ಲಿ ಜಾಗವೇ ಇರಬಾರದು. ಒಂದೇ ಬಕೆಟ್ಟಿನಲ್ಲಿ ಮೊದಲಿಂದ ಕೊನೆವರೆಗೂ ನಡೆಸಿದರೆ ಎರಡರಲ್ಲೊಂದು ಹಂತ ಹಾಳಾಗುವುದು ಖಚಿತ.

ಐದು ಲೀಟರ್ ಹಾಕುವವರಿಗೆ ಏಳೆಂಟು ಲೀಟರಿನ ಅಗಲಬಾಯಿ ಡಬ್ಬಿ ಒಂದು, ನಾಲ್ಕರಿಂದ ಐದು ಲೀಟರಿನ ಗಾಜಿನ ಬಾಟಲಿ ಒಂದು, ಮಿಕ್ಕ ರಸಕ್ಕೆ ಒಂದೆರಡು ಸಣ್ಣ ಬಾಟಲಿ ಇದ್ದರೆ ಸಾಕು.

"ಗುಳ್ಳೆನೇ ಬರ್ತಿಲ್ಲ"

ಗುಳ್ಳೆ ಬಾರದಿದ್ದರೆ ಹುದುಗು ಸತ್ತಿದೆ ಎಂದು ಅರ್ಥವಲ್ಲ. ಅನಿಲ ಬೇರೆ ದಾರಿಯಲ್ಲಿ ಹೊರಗೆ ಹೋಗುತ್ತಿರಬಹುದು. ಪ್ಲಾಸ್ಟಿಕ್ ಬಕೆಟ್ಟಿನ ಮುಚ್ಚಳದ ಅಂಚು ಪೂರ್ತಿ ಕೂತಿರುವುದು ಅಪರೂಪ.

ಮೊದಲ ಪರೀಕ್ಷೆ: ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ ಮುಚ್ಚಳದ ಸುತ್ತ, ಪೈಪ್ ಕೂರಿಸಿದ ತೂತಿನ ಸುತ್ತ ಸವರಿ, ಮುಚ್ಚಳವನ್ನು ಮೆಲ್ಲಗೆ ಒತ್ತಿ. ಎಲ್ಲಿ ನೊರೆ ಉಬ್ಬುತ್ತದೋ ಅಲ್ಲಿ ಸೋರಿಕೆ. ಮೊದಲ ವಾರವಾದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಆಗ ಎದ್ದು ಬರುವ ಅನಿಲವೇ ಗಾಳಿಯನ್ನು ತಳ್ಳಿಹಾಕುತ್ತದೆ. ಎರಡನೇ ಹಂತದಲ್ಲಿ ಮಾತ್ರ ಸೋರಿಕೆ ನಿಲ್ಲಿಸಲೇಬೇಕು.

ಎರಡನೆಯದು, ಗಾಳಿಬೀಗದ (ಏರ್‌ಲಾಕ್: ಒಳಗಿನ ಅನಿಲವನ್ನು ಹೊರಗೆ ಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ, ನೀರು ತುಂಬಿದ ನಳಿಕೆ) ನೀರು. ಏಪ್ರಿಲ್‌ನಲ್ಲಿ ದಾವಣಗೆರೆಯ ಬಿಸಿಲು 38 ಡಿಗ್ರಿ ಮುಟ್ಟಿದಾಗ ಆ ಪುಟ್ಟ ನಳಿಕೆಯ ನೀರು ಕೆಲವೇ ದಿನದಲ್ಲಿ ಆರಿಹೋಗುತ್ತದೆ. ಆರಿದ ಬೀಗ ಬಾಗಿಲು ತೆರೆದಿಟ್ಟ ಹಾಗೆ. ಎರಡು ದಿನಕ್ಕೊಮ್ಮೆ ನೋಡಿ ಕುದಿಸಿ ಆರಿಸಿದ ನೀರು ತುಂಬಿ. ಗಾಳಿಬೀಗ ಇಲ್ಲಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಕ್ವೇರಿಯಂ ಅಂಗಡಿಯ ಸಿಲಿಕಾನ್ ಪೈಪನ್ನು ಮುಚ್ಚಳಕ್ಕೆ ಬಿಗಿಯಾಗಿ ತೂರಿಸಿ, ಇನ್ನೊಂದು ತುದಿಯನ್ನು ನೀರಿರುವ ಲೋಟದಲ್ಲಿ ಮುಳುಗಿಸಿದರೂ ಅದೇ ಕೆಲಸ ಆಗುತ್ತದೆ. ಲೋಟ ಪಾತ್ರೆಗಿಂತ ಕೆಳಗಿರಲಿ. ರಾತ್ರಿ ತಂಪಾದಾಗ ಒಳಗಿನ ಅನಿಲ ಕುಗ್ಗಿ ಲೋಟದ ನೀರನ್ನು ಎಳೆದುಕೊಳ್ಳುವುದುಂಟು.

ಸೋರಿಕೆಯೂ ಇಲ್ಲ, ನೀರೂ ಇದೆ ಅಂದರೆ ಬಿಸಿ ನೋಡಿ. ಈಸ್ಟಿಗೆ ಹಿತವಾದದ್ದು ಸುಮಾರು 18ರಿಂದ 28 ಡಿಗ್ರಿ. 35 ದಾಟಿದರೆ ಅದು ಅರ್ಧಕ್ಕೇ ಸೋಲುತ್ತದೆ. ಹುದುಗು ತಾನೇ ಬಿಸಿ ಹುಟ್ಟಿಸುತ್ತದೆ. ಪಾತ್ರೆ ದೊಡ್ಡದಾದಷ್ಟೂ ಆ ಬಿಸಿ ಒಳಗೇ ಉಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಇಪ್ಪತ್ತು ಲೀಟರಿನ ಒಂದು ಕ್ಯಾನಿಗಿಂತ ಐದು ಲೀಟರಿನ ನಾಲ್ಕು ಪಾತ್ರೆ ಮೇಲು. ಅಗಲವಾದ ತೊಟ್ಟಿಯಲ್ಲಿ ನೀರು ಹಾಕಿ ಪಾತ್ರೆಯನ್ನು ಅದರಲ್ಲಿಟ್ಟು ಒದ್ದೆ ಗೋಣಿಚೀಲ ಸುತ್ತಿ. ಚಿತ್ರದುರ್ಗದ ಒಣಗಾಳಿಗೆ ಇದು ಚೆನ್ನಾಗಿ ತಂಪು ಹಿಡಿಯುತ್ತದೆ. ಮಳೆಗಾಲದ ತೇವದಲ್ಲಿ ಅಷ್ಟು ಪ್ರಯೋಜನವಿಲ್ಲ.

ಕೊನೆಗೆ ಹೈಡ್ರೋಮೀಟರ್, ಅಂದರೆ ರಸದ ಸಾಂದ್ರತೆ ಅಳೆಯುವ ಸಾಧನ. ಸಕ್ಕರೆ ಆಲ್ಕೋಹಾಲ್ ಆಗುತ್ತಾ ಹೋದಂತೆ ಅದರ ಅಂಕಿ ಇಳಿಯುತ್ತದೆ. ಕಾಲೇಜುಗಳಿಗೆ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. 0.990ರಿಂದ 1.100ರವರೆಗೆ ತೋರಿಸುವಂಥದ್ದು ಬೇಕು, ಹಾಲಿನ ಲ್ಯಾಕ್ಟೋಮೀಟರ್ ಇದಕ್ಕೆ ಆಗುವುದಿಲ್ಲ. ಶುರುವಿನಲ್ಲಿ 1.080–1.095 ಇದ್ದದ್ದು ಈಗ 1.000ಕ್ಕಿಂತ ಕೆಳಗಿದ್ದರೆ ಕೆಲಸ ಮುಗಿದಿದೆ, ಗುಳ್ಳೆ ನಿಂತದ್ದು ಸರಿಯೇ. 1.030ರ ಆಸುಪಾಸಿನಲ್ಲಿ ಮೂರು ದಿನ ಅಲುಗದೆ ನಿಂತಿದ್ದರೆ ಮಾತ್ರ ಹುದುಗು ಸಿಕ್ಕಿಕೊಂಡಿದೆ ಎನ್ನಿ. ಮೊದಲು ತಂಪು ಮಾಡಿ. ಹೊಸ ಈಸ್ಟಿನ ಮಾತು ಆಮೇಲೆ.

"ರಾತ್ರಿ ಉಕ್ಕಿ ಅಡುಗೆಮನೆಯೆಲ್ಲಾ ಹರಿದಿತ್ತು"

ಇದು ಜಾಗದ ಸಮಸ್ಯೆ. ನೇರಳೆ ಹಣ್ಣು, ಕಪ್ಪು ದ್ರಾಕ್ಷಿಯ ಸಿಪ್ಪೆ ನೊರೆಯ ಜೊತೆ ಮೇಲೆದ್ದು ಗಟ್ಟಿ ಪದರವಾಗುತ್ತದೆ. ಕಿರುಗುತ್ತಿಗೆ ಬಾಟಲಿಯಲ್ಲಿ ಹಿಪ್ಪೆ ಸಮೇತ ಹಾಕಿದ್ದರೆ ಆ ಪದರವೇ ಕುತ್ತಿಗೆಗೆ ಬಿರಡೆಯಾಗಿ ಕೂರುತ್ತದೆ, ಪೈಪ್ ಕಟ್ಟಿಕೊಳ್ಳುತ್ತದೆ. ಆಮೇಲಿನದು ಬರಿ ಕೊಳೆಯ ಮಾತಲ್ಲ, ಒತ್ತಡದ ಮಾತು.

ಲೆಕ್ಕ ನೋಡಿ. ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು ಅರ್ಧ ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅದು ಹೆಚ್ಚುಕಡಿಮೆ 250 ಲೀಟರ್ ಅನಿಲ. ಐದು ಲೀಟರ್ ವೈನಿನಲ್ಲಿ ಹಣ್ಣಿನದೂ ಹಾಕಿದ್ದೂ ಸೇರಿ ಒಂದು ಕಿಲೋ ಸಕ್ಕರೆ ಇರುವುದು ಸಾಮಾನ್ಯ. ತಿರುಪು ಮುಚ್ಚಳ ಬಿಗಿದ ಯಾವ ಗಾಜಿನ ಬಾಟಲಿಯೂ ಇದನ್ನು ತಡೆಯದು. ಚಪ್ಪಟೆ ಬದಿಯ, ತೆಳು ಗಾಜಿನ ಜಾಡಿಗಳಂತೂ ಎಲ್ಲಕ್ಕಿಂತ ಮೊದಲು ಒಡೆಯುತ್ತವೆ.

ಈಗಾಗಲೇ ಬಿಗಿದ ಗಾಜಿನ ಬಾಟಲಿ ಮನೆಯಲ್ಲಿದೆ, ಒಳಗೆ ಇನ್ನೂ ಸಿಹಿ ಇದೆ ಎಂದಾದರೆ ಉಳಿದ ಪರೀಕ್ಷೆಗಳನ್ನೆಲ್ಲ ಬಿಡಿ. ಮಕ್ಕಳನ್ನು ದೂರ ಕಳಿಸಿ. ದಪ್ಪ ಟವೆಲನ್ನು ಬಾಟಲಿಯ ಮೇಲೆ ಹೊದಿಸಿ, ಕನ್ನಡಕ ಹಾಕಿಕೊಂಡು, ಮುಖ ಆಚೆ ತಿರುಗಿಸಿ ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿ. ಬುಸ್ ಎನ್ನುವುದು ಪೂರ್ತಿ ನಿಂತ ಮೇಲೇ ತೆಗೆಯಿರಿ. ಅಲುಗಾಡಿಸಬೇಡಿ. ಬಾಟಲಿಯಲ್ಲಿ ಬಿರುಕು ಕಂಡರೆ ಮುಟ್ಟಲೇಬೇಡಿ. ಕೋಣೆಯ ಬಾಗಿಲು ಹಾಕಿ, ತಾನಾಗಿ ಒಡೆಯಲು ಅಥವಾ ಸೋರಿಹೋಗಲು ಬಿಡಿ.

ಪರಿಹಾರ ಸುಲಭ. ಮೊದಲ ವಾರ ಅಗಲಬಾಯಿ ಡಬ್ಬಿ, ಮೇಲೆ ತೆಳು ಹತ್ತಿ ಬಟ್ಟೆ, ಅದರ ಮೇಲೆ ಸಡಿಲವಾಗಿ ಇಟ್ಟ ಮುಚ್ಚಳ. ದಿನಕ್ಕೆರಡು ಸಲ ಶುದ್ಧ ಸೌಟಿನಿಂದ ಹಿಪ್ಪೆಯನ್ನು ಒಳಕ್ಕೆ ಒತ್ತಿ. ಗಾಳಿಬೀಗ ಇಲ್ಲದವರು ಬಾಟಲಿಯ ಬಾಯಿಗೆ ಬಲೂನ್ ಸಿಕ್ಕಿಸಿ ಸೂಜಿಯಿಂದ ಒಂದು ತೂತು ಮಾಡಿದರೂ ನಡೆಯುತ್ತದೆ, ಆದರೆ ಬಲೂನ್ ರಬ್ಬರ್ ಬೇಸಿಗೆಯಲ್ಲಿ ಬೇಗ ಸೀಳುತ್ತದೆ. ಪಾತ್ರೆಯನ್ನು ಮುಚ್ಚಿದ ಕಪಾಟಿನಲ್ಲಾಗಲೀ ಗಾಳಿಯಾಡದ ಮಲಗುವ ಕೋಣೆಯಲ್ಲಾಗಲೀ ಇಡಬೇಡಿ. ಜೋರಾಗಿ ಹುದುಗುವ ಡಬ್ಬಿಯೊಳಗೆ ತಲೆ ಬಗ್ಗಿಸಿ ಮೂಸಬೇಡಿ. ಅಲ್ಲಿರುವುದು ಉಸಿರಾಡುವ ಗಾಳಿಯಲ್ಲ.

"ಮೇಲೆ ಬಿಳಿ ಕೆನೆ ಕಟ್ಟಿದೆ"

ಒಣಗಿದಂಥ, ಸುಕ್ಕುಸುಕ್ಕಾದ ತೆಳು ಬಿಳಿ ಪೊರೆಯಾದರೆ ಅದು ಗಾಳಿಯಲ್ಲಿ ಬೆಳೆಯುವ ಕಾಡು ಈಸ್ಟ್. ಪಾತ್ರೆ ಅರ್ಧ ಖಾಲಿ ಇದೆ ಎನ್ನುವುದರ ಗುರುತು. ವಾಸನೆ ಚೆನ್ನಾಗಿದ್ದರೆ ಪೊರೆಯನ್ನು ಕಲಕದೆ, ಅದರ ಕೆಳಗಿನ ರಸವನ್ನು ಪೈಪಿನಿಂದ ಸಣ್ಣ ಬಾಟಲಿಗೆ ಎಳೆದು ಕುತ್ತಿಗೆಯವರೆಗೂ ತುಂಬಿ. ರಸ ಸಾಲದಿದ್ದರೆ ನೀರು ಬೆರೆಸುವುದಕ್ಕಿಂತ ಬಣ್ಣ ಬಳಿಯದ ಗಾಜಿನ ಗೋಲಿಗಳನ್ನು ಕುದಿಸಿ ಆರಿಸಿ ಹಾಕುವುದು ಒಳ್ಳೆಯದು. ಮಟ್ಟ ಏರುತ್ತದೆ, ವೈನ್ ತೆಳುವಾಗುವುದಿಲ್ಲ.

ಕಾಡು ಈಸ್ಟ್, ಬ್ಯಾಕ್ಟೀರಿಯಾಗಳನ್ನು ತಡೆಯುವ ಪೊಟ್ಯಾಷಿಯಮ್ ಮೆಟಾಬೈಸಲ್ಫೈಟ್ ಪುಡಿ ಸಿಕ್ಕರೆ ಐದು ಲೀಟರಿಗೆ ಅರ್ಧ ಗ್ರಾಂ ಸಾಕು. ಅದನ್ನು ಕಣ್ಣಳತೆಯಲ್ಲಿ ಹಾಕಬೇಡಿ. ಆಸ್ತಮಾ ಇರುವವರು ಅದರ ಪುಡಿಯ ಹತ್ತಿರವೂ ಹೋಗಬಾರದು, ಅದು ಬೆರೆತ ವೈನನ್ನೂ ಕುಡಿಯಬಾರದು.

ಉಣ್ಣೆಯಂತೆ ಎದ್ದು ನಿಂತ, ಹಸಿರು ಅಥವಾ ಕಪ್ಪು ಬೂಷ್ಟಾದರೆ ಮಾತು ಬೇರೆ. ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಆಸೆ ಬಿಡಿ. ಪೂರ್ತಿ ಚೆಲ್ಲಿ.

"ವಿನೆಗರ್ ವಾಸನೆ ಹೊಡೀತಿದೆ"

ಗಾಳಿಯಿಲ್ಲದೆ ವೈನ್ ವಿನೆಗರ್ ಆಗುವುದಿಲ್ಲ. ಆದ್ದರಿಂದ ಇದು ಹೆಚ್ಚಾಗಿ ಪಾತ್ರೆಯದೇ ತಪ್ಪು: ಅಗಲಬಾಯಿ ಡಬ್ಬಿಯಲ್ಲಿ ವಾರಗಟ್ಟಲೆ ಉಳಿದದ್ದು, ಆರಿದ ಗಾಳಿಬೀಗ, ಅಥವಾ ಬಟ್ಟೆಯ ಸಂದಿನಿಂದ ನುಗ್ಗಿದ ಹಣ್ಣುನೊಣ. ಆ ನೊಣದ ಮೈಮೇಲೆಯೇ ಹುಳಿ ಬ್ಯಾಕ್ಟೀರಿಯಾ ಬರುತ್ತದೆ. ಬಟ್ಟೆಯನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಕಟ್ಟಿ.

ಪ್ಲಾಸ್ಟಿಕ್ ಕೂಡ ಇಲ್ಲಿ ಆರೋಪಿ. ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯ ಗೋಡೆಯ ಮೂಲಕವೇ ಆಮ್ಲಜನಕ ನಿಧಾನವಾಗಿ ಒಳಗೆ ಸೇರುತ್ತದೆ. ಎರಡು ವಾರಕ್ಕೆ ಏನೂ ಆಗದು, ಆರು ತಿಂಗಳಿಗೆ ಆಗುತ್ತದೆ. ಮಣ್ಣಿನ ಮಡಕೆಯದು ಇನ್ನೂ ಹೆಚ್ಚು. ಉಗುರುಬಣ್ಣ ಅಳಿಸುವ ದ್ರಾವಣದಂಥ ವಾಸನೆಯೂ ಇದೇ ಜಾತಿಯದು.

ಘಾಟು ಹಗುರವಿದ್ದರೆ ತುಂಬಿದ ಗಾಜಿನ ಬಾಟಲಿಗೆ ಸಾಗಿಸಿ, ಬೇಗ ಮುಗಿಸಿ. ಮೂಗಿಗೆ ಹೊಡೆಯುವಂತಿದ್ದರೆ ವೈನ್ ಆಗಿ ಅದರ ಕಥೆ ಮುಗಿಯಿತು, ಪೂರ್ತಿ ವಿನೆಗರ್ ಆಗಲು ಬಿಡಿ. ಆದರೆ ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮತ್ತೆ ವೈನ್ ಹಾಕಬೇಡಿ. ಗೀರುಗಳಲ್ಲಿ ಬ್ಯಾಕ್ಟೀರಿಯಾ ಉಳಿಯುತ್ತದೆ. ಗಾಜಾದರೆ ತೊಳೆದು ಬಳಸಬಹುದು.

"ಕೊಳೆತ ಮೊಟ್ಟೆ ವಾಸನೆ"

ಇದು ಪಾತ್ರೆಗಿಂತ ಈಸ್ಟಿನ ದೂರು. ಪೋಷಕಾಂಶ ಸಾಲದಾಗ, ಬಿಸಿ ಹೆಚ್ಚಾದಾಗ, ದಪ್ಪ ಗಸಿಯ ಮೇಲೆ ವೈನ್ ಬಹಳ ದಿನ ಕೂತಾಗ ಬರುತ್ತದೆ. ಗಸಿ ಬಿಟ್ಟು ಮೇಲಿನ ತಿಳಿಯನ್ನು ಬೇರೆ ಪಾತ್ರೆಗೆ ಸ್ವಲ್ಪ ಎತ್ತರದಿಂದ ಸುರಿಯಿರಿ. ಗಾಳಿ ತಾಗಿದರೆ ಹೆಚ್ಚಿನ ಸಲ ಒಂದೆರಡು ದಿನದಲ್ಲಿ ಹೋಗುತ್ತದೆ. ತಾಮ್ರದ ತಂತಿ ಅದ್ದಿ ಎನ್ನುವ ಸಲಹೆ ಕೇಳಿರುತ್ತೀರಿ. ವಾಸನೆ ಹೋಗುವುದೇನೋ ನಿಜ, ಆದರೆ ಎಷ್ಟು ತಾಮ್ರ ಕರಗಿತು ಎಂದು ಅಳೆಯಲು ಮನೆಯಲ್ಲಿ ದಾರಿಯಿಲ್ಲ. ನಾನು ಅದನ್ನು ಹೇಳುವುದಿಲ್ಲ.

"ಉಪ್ಪಿನಕಾಯಿ ವಾಸನೆ, ಪ್ಲಾಸ್ಟಿಕ್ ವಾಸನೆ"

ಪ್ಲಾಸ್ಟಿಕ್ ವಾಸನೆಯನ್ನು ಹೀರಿಕೊಳ್ಳುತ್ತದೆ, ಆಮೇಲೆ ವೈನಿಗೆ ಬಿಟ್ಟುಕೊಡುತ್ತದೆ. ಇಂಗು, ಎಣ್ಣೆ, ಮೆಂತ್ಯ ಕಂಡ ಡಬ್ಬಿಯನ್ನು ಎಷ್ಟು ತೊಳೆದರೂ ಅಷ್ಟೇ. ಹಾಕುವ ಮೊದಲೇ ಪರೀಕ್ಷಿಸಿ: ಬೆಚ್ಚಗಿನ ನೀರು ತುಂಬಿ ಮುಚ್ಚಳ ಹಾಕಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮೂಸಿ. ವಾಸನೆ ಬಂದರೆ ಅದು ಉಪ್ಪಿನಕಾಯಿಗೇ ಇರಲಿ.

ಡಬ್ಬಿಯ ತಳದ ತ್ರಿಕೋನದೊಳಗಿನ ಅಂಕಿ ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, ಅದು ಆಹಾರಕ್ಕೆ ಯೋಗ್ಯವೇ ಎಂಬುದನ್ನಲ್ಲ. 2 ಎಂದರೆ ಎಚ್‌ಡಿಪಿಇ, 1 ಎಂದರೆ ಪೆಟ್. ಪಕ್ಕದಲ್ಲಿ ಲೋಟ ಮತ್ತು ಫೋರ್ಕಿನ ಚಿಹ್ನೆ ಇದೆಯೇ ನೋಡಿ. ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳಲ್ಲಿ ಹಲವು 7ನೇ ಅಂಕಿಯವು, ಪಾಲಿಕಾರ್ಬೊನೇಟ್. ಆಲ್ಕೋಹಾಲನ್ನು ತಿಂಗಳುಗಟ್ಟಲೆ ಅದರಲ್ಲಿಡುವುದು ಬೇಡ. ಬಣ್ಣದ ಬಕೆಟ್ಟಂತೂ ಹೊಸದಾದರೂ ಬೇಡ.

ಇಲ್ಲಿ ಒಂದು ಕಡೆ ದನಿ ಎತ್ತಿಯೇ ಹೇಳಬೇಕು. ಕೀಟನಾಶಕ, ಕಳೆನಾಶಕದ ಕ್ಯಾನುಗಳನ್ನು ಎಷ್ಟೇ ತೊಳೆದರೂ ಬಳಸುವಂತಿಲ್ಲ. ಚನ್ನಗಿರಿ ಕಡೆ ಅಡಿಕೆ ತೋಟದವರ ಮನೆಯಲ್ಲಿ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಕಲಸಿದ ಡ್ರಮ್ಮುಗಳಿರುತ್ತವೆ. ನೋಡಲು ಗಟ್ಟಿ, ಮುಚ್ಚಳವೂ ಬಿಗಿ, ಆಸೆ ಹುಟ್ಟುವುದು ಸಹಜ. ಆದರೆ ಮೈಲುತುತ್ತ ವಿಷ, ಹುಳಿ ರಸದಲ್ಲಿ ಅದರ ಉಳಿಕೆ ಸಲೀಸಾಗಿ ಕರಗುತ್ತದೆ. ಅಂಥ ಡ್ರಮ್ಮಿನಲ್ಲಿ ಈಗಾಗಲೇ ಹಾಕಿದ್ದರೆ ರುಚಿ ನೋಡುವುದೂ ಬೇಡ, ಚೆಲ್ಲಿ.

ಔಷಧಿ ಅಂಗಡಿಯಂಥ ಅಥವಾ ಮುಗ್ಗಲು ವಾಸನೆ ಬಂದರೆ ಬ್ಲೀಚಿಂಗ್ ಪೌಡರ್ ಉಳಿದಿರುವ ಸಾಧ್ಯತೆ ಇದೆ. ವೈನ್ ಪಾತ್ರೆಗೆ ಅದು ಬೇಡ, ಬಿಸಿನೀರು ಮತ್ತು ವಾಷಿಂಗ್ ಸೋಡಾ ಸಾಕು. ಬ್ಲೀಚಿಂಗ್ ಪೌಡರಿಗೆ ನಿಂಬೆರಸವನ್ನಾಗಲೀ ವಿನೆಗರನ್ನಾಗಲೀ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಶ್ವಾಸಕೋಶಕ್ಕೆ ಅದು ನೇರ ಅಪಾಯ.

"ಬಣ್ಣ ಕಪ್ಪಾಗಿದೆ, ನಾಲಿಗೆಗೆ ಲೋಹ ಹತ್ತುತ್ತೆ"

ಇಡೀ ಬರಹದಲ್ಲಿ ಹಗುರವಾಗಿ ತೆಗೆದುಕೊಳ್ಳಬಾರದ ಭಾಗ ಇದು. ವೈನಿನ ಪಿ.ಎಚ್. ಸಾಮಾನ್ಯವಾಗಿ 3ರಿಂದ 4ರ ನಡುವೆ, ಅಂದರೆ ಒಳ್ಳೆಯ ಹುಳಿ. ಹುಣಸೆಹಣ್ಣು ಹಾಕಿ ತಾಮ್ರದ ಬಿಂದಿಗೆ ತಿಕ್ಕಿದರೆ ಹೊಳಪು ಬರುವುದು ಹುಳಿ ಲೋಹದ ಮೇಲ್ಪದರವನ್ನು ಕರಗಿಸುವುದರಿಂದ. ವೈನ್ ವಾರಗಟ್ಟಲೆ ಅದೇ ಕೆಲಸ ಮಾಡುತ್ತದೆ, ಕರಗಿದ್ದು ಮಾತ್ರ ಒಳಗೇ ಉಳಿಯುತ್ತದೆ.

ಕಬ್ಬಿಣ ತಾಗಿದರೆ ನೀಲಿಗಪ್ಪು ಮಬ್ಬು, ರಕ್ತದಂಥ ರುಚಿ. ಪಾತ್ರೆಯೇ ಕಬ್ಬಿಣದ್ದಾಗಿರಬೇಕಿಲ್ಲ. ತುಕ್ಕು ಹಿಡಿದ ಮುಚ್ಚಳ, ಹಳೆಯ ಜರಡಿ, ಕೆಂಪು ಬಿಡುವ ಬೋರ್‌ವೆಲ್ ನೀರು ಇಷ್ಟೇ ಸಾಕು. ಅಲ್ಯೂಮಿನಿಯಂ ಆದರೆ ಪಾತ್ರೆಯ ಒಳಮೈ ಬೂದುಬಣ್ಣಕ್ಕೆ ತಿರುಗಿ ಸಣ್ಣ ಗುಳಿಗಳು ಬೀಳುತ್ತವೆ. ಹಳೆಯ ಹಾಲಿನ ಕ್ಯಾನುಗಳಲ್ಲಿ ಬಹಳಷ್ಟು ಅಲ್ಯೂಮಿನಿಯಂನವು, ಸ್ಟೀಲ್ ಎಂದುಕೊಂಡು ಮೋಸ ಹೋಗಬೇಡಿ. ತಾಮ್ರ, ಹಿತ್ತಾಳೆ ಕೂಡದು. ಕಲಾಯಿ ಹಾಕಿಸಿದ್ದರೂ ಕೂಡದು, ಕಲಾಯಿಯ ತವರದಲ್ಲಿ ಸೀಸ ಬೆರೆತಿರಬಹುದು.

ಸ್ಟೀಲಿನಲ್ಲಿ 304 ದರ್ಜೆಯದು ಚೆನ್ನ. ಅಯಸ್ಕಾಂತ ಅಂಟದಿದ್ದರೆ 304 ಎನ್ನುವ ಮಾತು ಅಂಗಡಿಗಳಲ್ಲಿ ಓಡಾಡುತ್ತದೆ. ಅಗ್ಗದ 202 ದರ್ಜೆಗೂ ಅದು ಅಂಟುವುದಿಲ್ಲ. ಪಾತ್ರೆಯ ಮೇಲೆ ದರ್ಜೆ ಅಚ್ಚೊತ್ತಿದೆಯೇ ನೋಡಿ, ಇಲ್ಲದಿದ್ದರೆ ಮೊದಲ ವಾರಕ್ಕಷ್ಟೇ ಬಳಸಿ.

ಇನ್ನು ಅಜ್ಜಿ ಕಾಲದ ಪಿಂಗಾಣಿ ಜಾಡಿ. ನೋಡಲು ಇದಕ್ಕಿಂತ ಚೆಂದದ ಪಾತ್ರೆ ಇಲ್ಲ, ಬೆಳಕನ್ನೂ ತಡೆಯುತ್ತದೆ. ಆದರೆ ಹಳೆಯ ಮೆರುಗಿನಲ್ಲಿ ಸೀಸ ಇರಬಹುದು, ಹುಳಿ ಅದನ್ನು ಎಳೆದು ತೆಗೆಯುತ್ತದೆ. ವೈನಿಗೆ ಇಳಿದ ಸೀಸ ರುಚಿಯಿಂದಾಗಲೀ ವಾಸನೆಯಿಂದಾಗಲೀ ಬಣ್ಣದಿಂದಾಗಲೀ ಗೊತ್ತಾಗದು. ಕುದಿಸಿದರೆ ಹೋಗದು. ಒಳಮೈಯಲ್ಲಿ ಕೂದಲು ಬಿರುಕು, ಮಾಸಿದ ತೇಪೆ, ಕೆತ್ತಿಹೋದ ಅಂಚು, ಬಣ್ಣದ ಚಿತ್ತಾರ ಕಂಡರೆ ಬೇಡ. ವಿನೆಗರ್ ತುಂಬಿ ಒಂದು ದಿನ ಇಟ್ಟಾಗ ಮೆರುಗು ಮಂಕಾದರೆ ಖಂಡಿತ ಬೇಡ. ಮಂಕಾಗದಿದ್ದರೆ ಸುರಕ್ಷಿತ ಎಂದೂ ಅರ್ಥವಲ್ಲ, ಅದನ್ನು ಪ್ರಯೋಗಾಲಯ ಮಾತ್ರ ಹೇಳಬಲ್ಲದು. ಉಪ್ಪಿನಕಾಯಿಗೆ ಇಷ್ಟು ವರ್ಷ ಬಳಸಿದ್ದೇವಲ್ಲ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಉಪ್ಪಿನಕಾಯಿ ತಿನ್ನುವುದು ಚಮಚದಲ್ಲಿ, ವೈನ್ ಕುಡಿಯುವುದು ಲೋಟದಲ್ಲಿ.

ಇಂಥ ಪಾತ್ರೆಯ ವೈನನ್ನು ಈಗಾಗಲೇ ಬಹಳ ದಿನ ಕುಡಿದಿದ್ದು, ಬಿಡದ ಹೊಟ್ಟೆನೋವು, ಮಲಬದ್ಧತೆ, ತಲೆನೋವು, ಸುಸ್ತು ಇದ್ದರೆ ವೈದ್ಯರಿಗೆ ಪಾತ್ರೆಯ ವಿಷಯವನ್ನೂ ಹೇಳಿ. ರಕ್ತಪರೀಕ್ಷೆಯಲ್ಲಿ ಸೀಸ ತಿಳಿಯುತ್ತದೆ. ಲೋಹದ ರುಚಿಯ ವೈನ್ ಕುಡಿದ ಕೆಲವೇ ಹೊತ್ತಿಗೆ ವಾಂತಿ, ಹೊಟ್ಟೆ ಹಿಂಡುವುದು ಶುರುವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಉಳಿದ ವೈನಿನ ಒಂದು ಬಾಟಲಿ ಜೊತೆಗಿರಲಿ.

"ದಿನಾ ಮಟ್ಟ ಇಳೀತಿದೆ"

ಮಣ್ಣಿನ ಮಡಕೆಯಾದರೆ ಹುಡುಕುವುದೇನೂ ಇಲ್ಲ. ನೀರನ್ನು ತಂಪಾಗಿಡುವ ಗುಣವೇ ವೈನಿಗೆ ಶತ್ರು, ಅದು ಗೋಡೆಯಿಂದ ಬೆವರುತ್ತದೆ. ಗಾಜು, ಸ್ಟೀಲಾದರೆ ಹೊರಮೈ ಒರೆಸಿ ಕಾಗದದ ಮೇಲಿಡಿ, ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ನಲ್ಲಿ ಕೂರಿಸಿದ ಡಬ್ಬಿಗಳಲ್ಲಿ ಸೋರುವುದು ಹೆಚ್ಚಾಗಿ ನಲ್ಲಿಯ ವಾಷರಿನಿಂದಲೇ. ಹುದುಗಿಸುವುದಕ್ಕೆ ನಲ್ಲಿಯಿಲ್ಲದ ಡಬ್ಬಿ ಕೊಳ್ಳಿ, ತೊಳೆಯುವ ತಾಪತ್ರಯವೂ ಕಡಿಮೆ.

"ಗಾಜು ಚಿಟ್ ಅಂತು"

ತಣ್ಣನೆ ಬಾಟಲಿಗೆ ಕುದಿಯುವ ನೀರು ಹುಯ್ದಾಗ, ಅಥವಾ ಬಿಸಿ ಬಾಟಲಿಯನ್ನು ಗ್ರಾನೈಟ್ ಕಟ್ಟೆಯ ಮೇಲಿಟ್ಟಾಗ ಹೀಗಾಗುತ್ತದೆ. ಸಾಮಾನ್ಯ ಗಾಜಿಗೆ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿನೀರು, ಕೆಳಗೆ ಮಡಚಿದ ಬಟ್ಟೆ. ಸಕ್ಕರೆ ಪಾಕ ಮಾಡಿ ಬೆರೆಸುವವರು ಪಾಕ ಪೂರ್ತಿ ಆರಿದ ಮೇಲೇ ಸುರಿಯಲಿ. ಕುತ್ತಿಗೆ ಹಿಡಿದು ತುಂಬಿದ ಬಾಟಲಿ ಎತ್ತಬೇಡಿ, ತಳಕ್ಕೆ ಒಂದು ಕೈ ಇರಲಿ.

ವೈನ್ ಒಳಗಿದ್ದಾಗಲೇ ಬಾಯಿಯ ಅಂಚು ಚಕ್ಕೆ ಎದ್ದಿದ್ದರೆ ಆ ಚಕ್ಕೆ ಎಲ್ಲಿ ಬಿತ್ತು ಎಂದು ಹುಡುಕಿ. ನೆಲದ ಮೇಲೆ ಸಿಗದಿದ್ದರೆ ಒಳಗೇ ಬಿದ್ದಿದೆ ಎಂದು ತಿಳಿಯಿರಿ. ಬಟ್ಟೆಯಲ್ಲಿ ಸೋಸಿ ಕುಡಿಯುವ ಧೈರ್ಯ ಮಾಡಬೇಡಿ, ಗಾಜಿನ ಪುಡಿ ಬಟ್ಟೆಯ ನೂಲಿನ ನಡುವೆ ನುಸುಳುತ್ತದೆ. ಬಚ್ಚಲಿಗೆ ಸುರಿಯಿರಿ, ಒಡಕು ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ "ಗಾಜು" ಎಂದು ಬರೆದು ಕಸದ ಗಾಡಿಯವರ ಕೈಗೇ ಕೊಡಿ.